ಗೋಧಿಯ ನಾಡನ್ನು ಹಾಲಿನ ನಾಡಾಗಿಸಿದ ಹೋರ್ಡ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ವಿಶ್ವೇಶ್ವರಯ್ಯನವರನ್ನು ಕುರಿತು, ಕುವೆಂಪು ಅವರನ್ನು ಕುರಿತು ಬರೆಯಲು ನನಗಿಂತ ಅರ್ಹರಾದ ಹಳೆಯ ವಿದ್ಯಾರ್ಥಿಗಳು ಬೇಕಾದಷ್ಟು ಮಂದಿ ಇದ್ದಾರೆ. ನಾನು ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಪಶುವೈದ್ಯಕೀಯ ಓದಿ, ಕೆಲಸದ ವರ್ಷಗಳನ್ನೆಲ್ಲ ದನದ ಕೊಟ್ಟಿಗೆಗಳಲ್ಲಿ, ಹಾಲು ಉತ್ಪಾದಕರ ಸಂಘಗಳ ಜಗಲಿಯ ಮೇಲೆ ಕಳೆದವನು. ಆದ್ದರಿಂದ ನನಗೆ ಗೊತ್ತಿರುವ ದಾರಿಯಲ್ಲೇ ನಡೆದು, ನಮ್ಮೂರಿನಲ್ಲಿ ಬಹುಶಃ ಯಾರೂ ಕೇಳಿರದ ಒಬ್ಬರ ಕಥೆ ಹೇಳುತ್ತೇನೆ. ಅವರ ಹೆಸರು ವಿಲಿಯಂ ಡೆಂಪ್‌ಸ್ಟರ್ ಹೋರ್ಡ್. ಅಮೆರಿಕದ ಮಧ್ಯಪಶ್ಚಿಮ ಭಾಗದ ವಿಸ್ಕಾನ್ಸಿನ್ ರಾಜ್ಯದವರು. ಪತ್ರಿಕೆ ನಡೆಸಿದರು, ಹಸು ಸಾಕಿದರು, ತಳಿ ಬೆಳೆಸಿದರು, ರಾಜ್ಯಪಾಲರೂ ಆದರು. ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಆರಿಸಿ ಬಂದು ಆಡಳಿತ ನಡೆಸುವವರು. ನಮ್ಮ ಮುಖ್ಯಮಂತ್ರಿಗಳ ಸ್ಥಾನದಂಥದ್ದು. ಅವರು ತೀರಿಕೊಂಡು ನೂರು ವರ್ಷದ ಮೇಲಾಯಿತು.

ಕಾಲೇಜಿನಲ್ಲಿ ಓದುವಾಗ ಗ್ರಂಥಾಲಯದ ಮೂಲೆಯಲ್ಲಿ ಅವರ ಹೆಸರು ಹೊತ್ತ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ನೋಡಿದ್ದೆ. ಪರೀಕ್ಷೆಗೆ ಬೇಕಾದ ವಿಷಯವಲ್ಲವೆಂದು ಆಗ ಮುಚ್ಚಿಟ್ಟೆ. ಮುಂದೆ ಕೆಲಸಕ್ಕೆ ಸೇರಿ, ಒಂದೇ ಬೆಳೆಯನ್ನು ನೆಚ್ಚಿ ನೆಲ ಕೆಟ್ಟ ಊರುಗಳನ್ನೂ ಹಾಲಿನ ದುಡ್ಡಿನಿಂದ ಮಕ್ಕಳನ್ನು ಓದಿಸಿದ ತಾಯಂದಿರನ್ನೂ ಕಂಡ ಮೇಲೆ ಆ ಹೆಸರು ಮತ್ತೆ ನೆನಪಾಗಿ, ಅವರ ಬದುಕಿನ ವಿವರಗಳನ್ನು ಹುಡುಕಿ ಓದಿದೆ.

ಹೋರ್ಡ್ ಹುಟ್ಟಿದ್ದು ವಿಸ್ಕಾನ್ಸಿನ್‌ನಲ್ಲಿ ಅಲ್ಲ. 1836ರ ಅಕ್ಟೋಬರ್ 10ರಂದು, ಪೂರ್ವದ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯ ಸೀಮೆಯಲ್ಲಿ. ತಂದೆ ಮೆಥಡಿಸ್ಟ್ ಪಂಗಡದ ಧರ್ಮಬೋಧಕರು. ಊರಿಂದೂರಿಗೆ ಹೋಗಿ ಉಪದೇಶ ಮಾಡುವ ಕೆಲಸ. ಮನೆಯಲ್ಲಿ ಅನುಕೂಲವೇನೂ ಇರಲಿಲ್ಲ. ಹುಡುಗ ಹೆಚ್ಚು ದಿನ ಶಾಲೆಗೆ ಹೋಗಲಿಲ್ಲ. ಹದಿಹರೆಯದಲ್ಲಿಯೇ ಹತ್ತಿರದ ಒಬ್ಬ ಹೈನುಗಾರರ ಹೊಲದಲ್ಲಿ ಆಳಾಗಿ ಸೇರಿಕೊಂಡು, ಹಸುಗಳನ್ನು ನೋಡಿಕೊಳ್ಳುವುದು, ಹಾಲು ಕರೆಯುವುದು, ಬೆಣ್ಣೆ ತೆಗೆಯುವುದು, ಚೀಸ್ ಮಾಡುವುದು ಕಲಿತ. ನ್ಯೂಯಾರ್ಕ್ ರಾಜ್ಯ ಆ ಕಾಲಕ್ಕೆ ಚೀಸ್‌ಗೆ ಹೆಸರಾದ ನಾಡು. ಮುಂದೆ ಅವರನ್ನು ಕೈಹಿಡಿದದ್ದು ಪುಸ್ತಕದ ವಿದ್ಯೆಗಿಂತ ಹೆಚ್ಚಾಗಿ ಕೊಟ್ಟಿಗೆಯ ಈ ವಿದ್ಯೆಯೇ.

1857ರಲ್ಲಿ, ಇಪ್ಪತ್ತೊಂದರ ವಯಸ್ಸಿಗೆ, ಪಶ್ಚಿಮಕ್ಕೆ ಹೊರಟವರ ಜೊತೆಯಲ್ಲಿ ಹೋರ್ಡ್ ಕೂಡ ವಿಸ್ಕಾನ್ಸಿನ್‌ಗೆ ಬಂದರು. ಅಲ್ಲಿ ಅವರು ಮಾಡದ ಕೆಲಸವಿಲ್ಲ. ಸೌದೆ ಕಡಿದರು, ಹಾಡು ಕಲಿಸಿದರು, ಧರ್ಮೋಪದೇಶಕ್ಕೂ ಕೈಹಾಕಿ ಬಿಟ್ಟರು. 1860ರಲ್ಲಿ ಲೇಕ್ ಮಿಲ್ಸ್ ಎಂಬ ಊರಿನ ಆಗ್ನೆಸ್ ಎಲಿಜಬೆತ್ ಬ್ರಾಗ್ ಅವರನ್ನು ಮದುವೆಯಾದರು. ಮರುವರ್ಷವೇ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಹೋರ್ಡ್ ವಿಸ್ಕಾನ್ಸಿನ್‌ನ 4ನೇ ದಳಕ್ಕೆ ಸೇರಿ ದಕ್ಷಿಣಕ್ಕೆ ಹೋದರು. ಆರೋಗ್ಯ ಕೆಟ್ಟು 1862ರಲ್ಲಿ ಬಿಡುಗಡೆಯಾಗಿ ಬಂದರು. ಚೇತರಿಸಿಕೊಂಡ ಮೇಲೆ ಮತ್ತೆ ಸೇನೆಗೆ ಸೇರಿ ನ್ಯೂಯಾರ್ಕ್‌ನ ಫಿರಂಗಿ ದಳದಲ್ಲಿ ಯುದ್ಧ ಮುಗಿಯುವವರೆಗೆ ಇದ್ದರು.

ಯುದ್ಧ ಮುಗಿದ ಮೇಲೆ ಗಿಡಗಳ ನರ್ಸರಿ ಹಾಕಿದರು. ಅದರ ಜೊತೆಗೆ ಹಾಪ್ಸ್ ಬೆಳೆಗೆ ಕೈಹಾಕಿದರು. ಬಿಯರ್ ಮಾಡಲು ಬಳಸುವ ಹೂವು ಬಿಡುವ ಒಂದು ಬಳ್ಳಿ ಅದು. ಆ ಎರಡು ಮೂರು ವರ್ಷ ವಿಸ್ಕಾನ್ಸಿನ್‌ನಲ್ಲಿ ಹಾಪ್ಸ್‌ಗೆ ಚಿನ್ನದ ಬೆಲೆ ಬಂದಿತ್ತು. ಕಂಡಕಂಡವರೆಲ್ಲ ಸಾಲ ಮಾಡಿ ಬಳ್ಳಿ ಹಬ್ಬಿಸಿದರು. 1868ರಲ್ಲಿ ಬೆಲೆ ಒಮ್ಮೆಗೇ ನೆಲಕಚ್ಚಿತು. ನಮ್ಮ ಕಡೆ ಶುಂಠಿ ಬೆಳೆದು ಕೈಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋರ್ಡ್ ಅವರ ಗಂಟೆಲ್ಲ ಕರಗಿ ಸಾಲದ ಹೊರೆ ತಲೆಯ ಮೇಲೆ ಬಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳು. ಮೂವತ್ತು ದಾಟಿದ್ದ ಅವರು ಪಂಪು ಮಾರುವಂಥ ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ ಊರೂರು ತಿರುಗಿದರು.

ಆ ತಿರುಗಾಟ ವ್ಯರ್ಥವಾಗಲಿಲ್ಲ ಎಂದು ನನಗೆ ಅನ್ನಿಸುತ್ತದೆ. ರೈತರ ಮನೆ ಬಾಗಿಲಲ್ಲಿ ನಿಂತು ಮಾತನಾಡುವ ಮನುಷ್ಯನಿಗೆ ಅವರ ಹೊಲ, ಕಣಜ, ಸಾಲ ಎಲ್ಲವೂ ಕಾಣಿಸುತ್ತವೆ. ಹೋರ್ಡ್‌ಗೆ ಕಂಡದ್ದು ಗೋಧಿಯಿಂದ ಸೋತ ನಾಡು.

ಆಗಿನ ವಿಸ್ಕಾನ್ಸಿನ್ ಎಂದರೆ ಗೋಧಿ. 1860ರ ಹೊತ್ತಿಗೆ ಗೋಧಿ ಬೆಳೆಯುವುದರಲ್ಲಿ ಇಡೀ ಅಮೆರಿಕದಲ್ಲಿ ಎರಡನೆಯ ಸ್ಥಾನ ಆ ರಾಜ್ಯದ್ದು. ಹೊಸದಾಗಿ ಉತ್ತ ಹುಲ್ಲುಗಾವಲಿನ ನೆಲ ಮೊದಲ ಕೆಲವು ವರ್ಷ ಕೇಳಿದ್ದನ್ನೆಲ್ಲ ಕೊಟ್ಟಿತು. ರೈತರು ವರ್ಷ ವರ್ಷವೂ ಗೋಧಿಯನ್ನೇ ಬಿತ್ತಿದರು, ಕಾಳನ್ನು ಮಾರಿದರು, ಹುಲ್ಲನ್ನು ಸುಟ್ಟರು. ಗೊಬ್ಬರ ಹಾಕಬೇಕೆಂಬ ಯೋಚನೆಯೇ ಇರಲಿಲ್ಲ. ನೆಲದ ಸಾರ ಇಳಿಯಿತು. ಪೈರಿನ ರಸ ಹೀರುವ ತಿಗಣೆ ಜಾತಿಯ ಒಂದು ಸಣ್ಣ ಕೀಟ ಮುತ್ತಿಕೊಂಡಿತು. ಇಳುವರಿ ಬಿದ್ದಿತು, ಇನ್ನೂ ಪಶ್ಚಿಮದ ಹೊಸ ನೆಲಗಳಿಂದ ಬಂದ ಗೋಧಿ ಬೆಲೆಯನ್ನೂ ಬೀಳಿಸಿತು. ಕೆಲವರು ಹೊಲ ಮಾರಿ ಮತ್ತಷ್ಟು ಪಶ್ಚಿಮಕ್ಕೆ ಗಾಡಿ ಹೂಡಿದರು. ಉಳಿದವರಿಗೆ ಏನು ಮಾಡಬೇಕೆಂದು ತೋಚಲಿಲ್ಲ.

ಹೋರ್ಡ್ ಅವರಿಗೆ ಚಿಕ್ಕಂದಿನ ನ್ಯೂಯಾರ್ಕ್ ನೆನಪಿತ್ತು. ಅಲ್ಲಿಯೂ ಗೋಧಿ ಸೋತ ಮೇಲೆ ಹಸು ಬಂದಿತ್ತು. ಹಸು ಹೊಲದ ಮೇವನ್ನು ತಿಂದು ಸಗಣಿಯಾಗಿ ಹೊಲಕ್ಕೇ ಮರಳಿಸುತ್ತದೆ. ಹೊರಗೆ ಮಾರುವುದು ಬೆಣ್ಣೆ, ಚೀಸ್ ಮಾತ್ರ. ಬೆಣ್ಣೆಯಲ್ಲಿ ನೆಲದ ಸಾರ ಹೋಗುವುದು ತೀರ ಅಲ್ಪ. ನಮ್ಮ ಅಜ್ಜಂದಿರಿಗೆ ತಿಪ್ಪೆಯ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿನ ರೈತರಿಗೆ ಮಾತ್ರ ಇದು ಹೊಸ ಮಾತು, ಅದೂ ರುಚಿಸದ ಮಾತು. ಗೋಧಿ ಬೆಳೆಯುವುದು ಗಂಡಸಿನ ಕೆಲಸ, ಹಸುವಿನ ಬಾಲ ಹಿಡಿದು ದಿನಕ್ಕೆರಡು ಸಲ ಕೂರುವುದು ಹೆಂಗಸರ ಕೆಲಸ ಎಂಬ ಭಾವನೆ ಬಲವಾಗಿತ್ತು.

1870ರಲ್ಲಿ ಹೋರ್ಡ್ ಲೇಕ್ ಮಿಲ್ಸ್‌ನಲ್ಲಿ ಜೆಫರ್ಸನ್ ಕೌಂಟಿ ಯೂನಿಯನ್ ಎಂಬ ವಾರಪತ್ರಿಕೆ ಹೊರಡಿಸಿದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಮೂರು ವರ್ಷಗಳ ನಂತರ ಪತ್ರಿಕೆಯನ್ನೂ ಸಂಸಾರವನ್ನೂ ಫೋರ್ಟ್ ಆಟ್ಕಿನ್‌ಸನ್ ಎಂಬ ಪಟ್ಟಣಕ್ಕೆ ತಂದರು. ಊರ ಸುದ್ದಿ, ಮದುವೆ ಮುಂಜಿ, ರಾಜಕೀಯದ ನಡುವೆ ವಾರ ವಾರವೂ ಹಸುವಿನ ವಿಷಯ ಬರೆದರು. ಬರೆದು ಸುಮ್ಮನಾಗಲಿಲ್ಲ. 1872ರ ಫೆಬ್ರವರಿಯಲ್ಲಿ ವಾಟರ್‌ಟೌನ್ ಎಂಬಲ್ಲಿ ಏಳು ಜನ ಸೇರಿ ವಿಸ್ಕಾನ್ಸಿನ್ ಹೈನುಗಾರರ ಸಂಘ ಕಟ್ಟಿದರು. ಏಳೇ ಜನ! ನಮ್ಮ ಹಾಲಿನ ಸಂಘದ ಮೊದಲ ಸಭೆಗೂ ಅದಕ್ಕಿಂತ ಹೆಚ್ಚು ಜನ ಬಂದಿದ್ದರು. ಹೋರ್ಡ್ ಅದರ ಕಾರ್ಯದರ್ಶಿಯಾದರು.

ಚೀಸ್ ಮಾಡಿದರೆ ಸಾಲದು, ಮಾರಬೇಕು. ದೊಡ್ಡ ಮಾರುಕಟ್ಟೆ ಇದ್ದದ್ದು ಪೂರ್ವದ ಕರಾವಳಿಯ ನ್ಯೂಯಾರ್ಕ್ ನಗರದಲ್ಲಿ. ಸಾವಿರ ಮೈಲಿ ದೂರ. ಬೇಸಿಗೆಯಲ್ಲಿ ಚೀಸ್ ಕರಗಿ ಕೆಡುತ್ತಿತ್ತು, ರೈಲಿನ ಬಾಡಿಗೆಯೋ ಲಾಭವನ್ನೆಲ್ಲ ನುಂಗುತ್ತಿತ್ತು. 1874ರಲ್ಲಿ ಹೋರ್ಡ್ ಶಿಕಾಗೋಗೆ ಹೋಗಿ ಸರಕು ಸಾಗಿಸುವ ಕಂಪನಿಯ ಅಧಿಕಾರಿಯ ಮುಂದೆ ಕುಳಿತರು. ಒಂದು ಪೌಂಡಿಗೆ ಎರಡೂವರೆ ಸೆಂಟ್ ಇದ್ದ ಬಾಡಿಗೆಯನ್ನು ಒಂದು ಸೆಂಟ್‌ಗೆ ಇಳಿಸಬೇಕು, ಅದೂ ಮಂಜುಗಡ್ಡೆಯಿಂದ ತಂಪು ಮಾಡಿದ ಬೋಗಿಯಲ್ಲಿ ಒಯ್ಯಬೇಕು ಎಂದು ಕೇಳಿದರು. ಕೈಯಲ್ಲಿ ಹಣವಿಲ್ಲದ ಸಣ್ಣ ಊರಿನ ಪತ್ರಕರ್ತನ ಮಾತಿಗೆ ಆ ಅಧಿಕಾರಿ ಒಪ್ಪಿದ್ದು ದೊಡ್ಡ ಮಾತು. ಈಗ ಬಾಡಿಗೆ ಇಳಿಸಿದರೆ ಮುಂದೆ ಬೋಗಿಗಟ್ಟಲೆ ಸರಕು ಬರುತ್ತದೆ ಎಂಬ ಲೆಕ್ಕ ಅವರಿಗೆ ಮನವರಿಕೆಯಾಗಿರಬೇಕು. ವಿಸ್ಕಾನ್ಸಿನ್‌ನ ಚೀಸ್ ಅಲ್ಲಿಂದ ಮುಂದೆ ದೇಶಕ್ಕೆಲ್ಲ ಹೋಯಿತು.

1885ರಲ್ಲಿ ಹಸುವಿಗೆಂದೇ ಬೇರೆ ಪತ್ರಿಕೆ ಹುಟ್ಟಿತು. ಮೊದಲು ವಾರಪತ್ರಿಕೆಯ ಜೊತೆಗೆ ಕೊಡುವ ಪುರವಣಿಯಂತಿದ್ದ ಹೋರ್ಡ್ಸ್ ಡೇರಿಮನ್ ಬೇಗನೆ ಸ್ವತಂತ್ರವಾಗಿ ಬೆಳೆದು ರಾಜ್ಯದ ಗಡಿ ದಾಟಿತು. ನಾನು ಗ್ರಂಥಾಲಯದಲ್ಲಿ ನೋಡಿದ್ದು ಇದನ್ನೇ. ಹೋರ್ಡ್ ಅವರು ಬರೆಯುತ್ತಿದ್ದ ರೀತಿ ಮಾತನಾಡಿದಂತೆಯೇ. ಸಭೆಗಳಲ್ಲಿ ಅವರು ನಗೆಯ ಕಥೆಗಳಿಗೆ ಹೆಸರಾಗಿದ್ದರು; ಜನ ನಗುತ್ತ ಕುಳಿತಿರುವಾಗಲೇ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತಿದ್ದರು.

ಅವರು ಹೇಳುತ್ತಿದ್ದುದರಲ್ಲಿ ಮುಖ್ಯವಾದದ್ದು ಲೆಕ್ಕ. ರೈತನಿಗೆ ಕೊಟ್ಟಿಗೆಯಲ್ಲಿ ಹತ್ತು ಹಸು ಇರುವುದು ಗೊತ್ತು, ಒಟ್ಟು ಹಾಲು ಎಷ್ಟೆಂಬುದು ಗೊತ್ತು. ಯಾವ ಹಸು ತಿಂದದ್ದಕ್ಕೆ ಸರಿಯಾಗಿ ಕೊಡುತ್ತಿದೆ, ಯಾವುದು ಬರೀ ತಿನ್ನುತ್ತಿದೆ ಎಂಬುದು ಗೊತ್ತಿಲ್ಲ. ಪತ್ರಿಕೆಯ ಕಡೆಯಿಂದ ಬಲ್ಲವರನ್ನು ಕಳಿಸಿ, ಮನೆ ಮನೆಗೆ ಹೋಗಿ, ಒಂದೊಂದು ಮಂದೆಯ ಮೇವಿನ ಖರ್ಚನ್ನೂ ಹಾಲಿನ ಆದಾಯವನ್ನೂ ಬರೆಸಿದರು. ಇದನ್ನು ಹಸುಗಳ ಗಣತಿ ಎಂದು ಕರೆದರು. ಒಂದೇ ಊರು, ಒಂದೇ ಬೆಲೆ, ಒಂದೇ ಬಗೆಯ ನೆಲ. ಆದರೂ ಒಬ್ಬನ ಮಂದೆ ಲಾಭ ತರುತ್ತಿದ್ದರೆ ಪಕ್ಕದ ಮನೆಯವನ ಮಂದೆ ತಿಂದ ಮೇವಿನ ಬೆಲೆಯನ್ನೂ ತೀರಿಸುತ್ತಿರಲಿಲ್ಲ. ಅಚ್ಚಾದ ಲೆಕ್ಕ ನೋಡಿ ಹಲವರಿಗೆ ಮುಜುಗರವಾಯಿತು, ಕೆಲವರಿಗೆ ಸಿಟ್ಟು ಬಂತು. ನಾನು ಸಂಘಗಳಲ್ಲಿ ಹಸುವಿಗೊಂದು ಪುಸ್ತಕ ಇಡಿ ಎಂದು ಹೇಳುವಾಗಲೂ ಹೀಗೇ ಆಗುತ್ತಿತ್ತು. ಲೆಕ್ಕ ಬರೆದರೆ ಹಸುವಿಗೆ ದೃಷ್ಟಿಯಾಗುತ್ತದೆ ಎಂದ ಅಜ್ಜಿಯೂ ಇದ್ದರು. ಅವರನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು.

ಇನ್ನೊಂದು ಮಾತು ತಳಿಯದ್ದು. ಹಾಲಿಗೂ ಆಗಬೇಕು, ಮಾಂಸಕ್ಕೂ ಆಗಬೇಕು ಎಂದು ದಪ್ಪ ಮೈಯ ಹಸುಗಳನ್ನು ಇಟ್ಟುಕೊಳ್ಳುವುದು ಅಲ್ಲಿಯ ರೂಢಿ. ಎರಡನ್ನೂ ಬೇಡುವವನಿಗೆ ಎರಡೂ ಅರೆಬರೆ ಸಿಗುತ್ತದೆ ಎಂಬುದು ಹೋರ್ಡ್ ಅವರ ವಾದ. ಹಾಲಿನ ಹಸುವಿನ ಮೈಕಟ್ಟು ಬೇರೆ, ನರಮಂಡಲ ಬೇರೆ, ಅದನ್ನು ಹಾಲಿಗೆಂದೇ ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಬೆಳೆಸಬೇಕು ಎಂದು ಜೀವಮಾನವಿಡೀ ವಾದಿಸಿದರು. ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳನ್ನು ಬೆಳೆಸಿದ ಹಿರಿಯರೂ ಇದೇ ದಾರಿ ಹಿಡಿದಿದ್ದರು. ಅವರಿಗೆ ಬೇಕಾದದ್ದು ಓಟ, ದುಡಿಮೆ, ಅದಕ್ಕೆ ತಕ್ಕ ಎತ್ತು. ಹಾಲು ಕಡಿಮೆಯೆಂದು ಆ ಹಸುಗಳನ್ನು ಹಳಿಯುವವರು ಇದನ್ನು ಮರೆಯುತ್ತಾರೆ.

ಮೇವಿನ ವಿಷಯದಲ್ಲಿಯೂ ಅವರು ಬಿಡಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಹಸಿರು ಮೇವಿಲ್ಲದೆ ಹಸುಗಳು ಬತ್ತಿಹೋಗುತ್ತಿದ್ದವು. ಮುಸುಕಿನ ಜೋಳವನ್ನು ಹಸಿಯಾಗಿಯೇ ಕತ್ತರಿಸಿ ಗಾಳಿಯಾಡದಂತೆ ತುಂಬಿಟ್ಟು ರಸಮೇವು ಮಾಡುವ ಪದ್ಧತಿ ಆಗತಾನೇ ಬಂದಿತ್ತು. ಅದನ್ನು ತಿಂದರೆ ಹಸುವಿನ ಹಲ್ಲು ಉದುರುತ್ತದೆ ಎಂಬಂಥ ಭಯಗಳು ಹಬ್ಬಿದ್ದ ಕಾಲ. ಹೋರ್ಡ್ ಅವರ ಪತ್ರಿಕೆ ರಸಮೇವಿನ ಪರವಾಗಿ ನಿಂತಿತು. ಹಾಗೆಯೇ ಕುದುರೆ ಮಸಾಲೆ ಎಂದು ನಾವು ಕರೆಯುವ ಲೂಸರ್ನ್ ಸೊಪ್ಪು. ಅಷ್ಟು ಚಳಿಯಲ್ಲಿ ಅದು ಬದುಕುವುದಿಲ್ಲವೆಂದು ಎಲ್ಲರೂ ಹೇಳಿದಾಗ ಹೋರ್ಡ್ ತಾವೇ ಬೆಳೆದು ತೋರಿಸಿದರು.

ಇಷ್ಟರಲ್ಲಿ ಅದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಒಂದು ದೊಡ್ಡ ಕೆಲಸವಾಯಿತು. 1890ರಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ಪ್ರಾಧ್ಯಾಪಕರು ಹಾಲಿನ ಕೊಬ್ಬನ್ನು ಅಳೆಯುವ ಸುಲಭವಾದ ಪರೀಕ್ಷೆ ಕಂಡುಹಿಡಿದರು. ಹಾಲಿಗೆ ಗಂಧಕಾಮ್ಲ ಹಾಕಿದರೆ ಕೊಬ್ಬನ್ನು ಬಿಟ್ಟು ಉಳಿದದ್ದೆಲ್ಲ ಕರಗುತ್ತದೆ. ಬಾಟಲಿಯನ್ನು ಗಿರಗಿರನೆ ತಿರುಗಿಸಿದರೆ ಕೊಬ್ಬು ಅದರ ಸಪೂರ ಕತ್ತಿಗೆ ಏರುತ್ತದೆ. ಗೆರೆ ನೋಡಿ ಓದಿಕೊಂಡರಾಯಿತು. ನಮ್ಮ ಸಂಘಗಳಲ್ಲಿ ಫ್ಯಾಟ್ ನೋಡಲು ವರ್ಷಗಟ್ಟಲೆ ಬಳಸಿದ ಗರ್ಬರ್ ಬಾಟಲಿಯ ಹಿಂದೆ ಇರುವುದೂ ಇದೇ ತತ್ವ. ಅದಕ್ಕೆ ಮುಂಚೆ ಹಾಲನ್ನು ತೂಕದ ಮೇಲೆ ಕೊಳ್ಳುತ್ತಿದ್ದರು. ಕೆನೆ ತೆಗೆದವನಿಗೂ ನೀರು ಬೆರೆಸಿದವನಿಗೂ ಪ್ರಾಮಾಣಿಕನಿಗೂ ಒಂದೇ ದರ. ಬ್ಯಾಬ್‌ಕಾಕ್ ತಮ್ಮ ಪರೀಕ್ಷೆಗೆ ಪೇಟೆಂಟ್ ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ವಿಶ್ವವಿದ್ಯಾಲಯದ ವಿದ್ಯೆ ರೈತನ ಕೊಟ್ಟಿಗೆಗೆ ಬರಬೇಕೆಂದು ಹೋರ್ಡ್ ಬರೆಯುತ್ತ ಬಂದಿದ್ದರು; ಹಸುಗಳನ್ನು ಒಂದೊಂದಾಗಿ ಅಳೆಯಿರಿ ಎಂಬ ಅವರ ಮಾತಿಗೆ ಈ ಬಾಟಲಿ ಸಿಕ್ಕಿದ್ದು ಆನೆಬಲ ಬಂದಂತಾಯಿತು.

ಈಗ ರಾಜಕೀಯಕ್ಕೆ ಬರುತ್ತೇನೆ. ನಮ್ಮ ಶಾಲೆಯವರು ಓದಬೇಕಾದ ಭಾಗವೂ ಇದೇ ಎಂದು ನನ್ನ ಎಣಿಕೆ.

1888ರಲ್ಲಿ ರಿಪಬ್ಲಿಕನ್ ಪಕ್ಷ ಹೋರ್ಡ್ ಅವರನ್ನು ರಾಜ್ಯಪಾಲರ ಸ್ಥಾನಕ್ಕೆ ನಿಲ್ಲಿಸಿತು. ಹಿಂದೆ ಯಾವ ಅಧಿಕಾರವನ್ನೂ ಹೆಚ್ಚಾಗಿ ಕಾಣದವರು. ಎದುರಾಳಿಗಳು ಹಸುವಿನ ಅಭ್ಯರ್ಥಿ ಎಂದು ಗೇಲಿ ಮಾಡಿದರು. ಹೋರ್ಡ್ ಕಡೆಯವರು ಆ ಹಸುವನ್ನೇ ತಮ್ಮ ಗುರುತು ಮಾಡಿಕೊಂಡರು. ಸುಮಾರು 20 ಸಾವಿರ ಮತಗಳಿಂದ ಗೆದ್ದರು. 1889ರಲ್ಲಿ ಅಧಿಕಾರ ವಹಿಸಿಕೊಂಡ ವರ್ಷವೇ ಹಾಲು ಮತ್ತು ಆಹಾರದ ಕಲಬೆರಕೆ ತಡೆಯಲು ರಾಜ್ಯದಲ್ಲಿ ಒಬ್ಬ ಆಯುಕ್ತರ ಹುದ್ದೆ ಬಂತು. ಅದು ಅವರಿಗೆ ಸಹಜವಾದ ಕೆಲಸ.

ಅದೇ ವರ್ಷ ಬೆನೆಟ್ ಕಾಯ್ದೆ ಎಂಬ ಶಿಕ್ಷಣದ ಕಾಯ್ದೆಯೂ ಬಂತು. 7ರಿಂದ 14 ವರ್ಷದ ಮಕ್ಕಳು ವರ್ಷಕ್ಕೆ ಕನಿಷ್ಠ 12 ವಾರ ಶಾಲೆಗೆ ಹೋಗಲೇಬೇಕು. ಓದು, ಬರಹ, ಗಣಿತ, ಅಮೆರಿಕದ ಇತಿಹಾಸಗಳನ್ನು ಇಂಗ್ಲಿಷಿನಲ್ಲಿ ಕಲಿಸದಿದ್ದರೆ ಅದನ್ನು ಶಾಲೆಯೆಂದೇ ಎಣಿಸುವಂತಿಲ್ಲ. ಮೊದಲ ಭಾಗಕ್ಕೆ ಯಾರ ತಕರಾರೂ ಇರಲಿಲ್ಲ. ಎರಡನೆಯದು ಬೆಂಕಿ ಹಚ್ಚಿತು. ವಿಸ್ಕಾನ್ಸಿನ್ ತುಂಬ ಜರ್ಮನಿಯಿಂದ ಬಂದು ನೆಲೆಸಿದ ಜನ. ಲೂಥರನ್ನರು, ಕ್ಯಾಥೊಲಿಕರು ತಮ್ಮ ಚರ್ಚುಗಳ ಜೊತೆಗೆ ಸ್ವಂತ ಖರ್ಚಿನಲ್ಲಿ ಶಾಲೆ ಕಟ್ಟಿಕೊಂಡು ಮಕ್ಕಳಿಗೆ ಜರ್ಮನ್ ಭಾಷೆಯಲ್ಲಿ ಕಲಿಸುತ್ತಿದ್ದರು. ಅವರಿಗೆ ಭಾಷೆ, ಧರ್ಮ, ಮನೆ ಮೂರೂ ಒಂದೇ ಎಳೆಯವು. ಸರ್ಕಾರ ಆ ಎಳೆ ಹಿಡಿದು ಎಳೆಯಿತು.

ಹೋರ್ಡ್ ಈ ಕಾಯ್ದೆಯನ್ನು ಬರೆದವರಲ್ಲ. ಆದರೆ ಅದಕ್ಕೆ ಸಹಿ ಹಾಕಿ, ಪಕ್ಷದವರು ಎಚ್ಚರಿಸಿದರೂ ಹಿಂದೆ ಸರಿಯದೆ, ಅದರ ಪರವಾಗಿ ಊರೂರಿನಲ್ಲಿ ಮಾತನಾಡಿದರು. ಇಂಗ್ಲಿಷ್ ಬಾರದ ಮಗು ಆ ದೇಶದಲ್ಲಿ ಯಾವಾಗಲೂ ಹಿಂದೆ ಉಳಿಯುತ್ತದೆ, ಆ ಕಲಿಕೆ ಮಗುವಿನ ಹಕ್ಕು, ತಂದೆತಾಯಿಯಾಗಲಿ ಪಾದ್ರಿಯಾಗಲಿ ಅದನ್ನು ತಡೆಯಬಾರದು ಎಂಬುದು ಅವರ ನಂಬಿಕೆ. ಸ್ವತಃ ಹೆಚ್ಚು ಶಾಲೆ ಕಾಣದವರಾದ್ದರಿಂದ ಶಾಲೆಯ ಮೇಲೆ ಅವರಿಗೆ ಅಪಾರ ಭಕ್ತಿ ಇತ್ತು.

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಹೋಗಿ ಇಂಗ್ಲಿಷಿನ ಮುಂದೆ ತೊದಲಿದ ನಮ್ಮ ತಂಡದವರಿಗೆ ಹೋರ್ಡ್ ಅವರ ಕಳಕಳಿ ಅರ್ಥವಾಗುತ್ತದೆ. ನಾನು ಮೊದಲ ವರ್ಷ ಕೋಶಗಳ ರಚನೆಯನ್ನು ಕನ್ನಡದಲ್ಲಿ ಚೆನ್ನಾಗಿ ಬಲ್ಲವನಾಗಿದ್ದೂ ತರಗತಿಯಲ್ಲಿ ಬಾಯಿ ತೆರೆಯಲಾಗದೆ ಕುಳಿತಿದ್ದೆ. ಆದರೆ ಆ ಜರ್ಮನ್ ತಾಯಂದಿರ ಕಳವಳವೂ ನನಗೆ ಅಷ್ಟೇ ಅರ್ಥವಾಗುತ್ತದೆ. ಅಜ್ಜಿಯ ಜೊತೆ ಮೊಮ್ಮಗು ಮಾತನಾಡುವ ಭಾಷೆಯನ್ನು ಶಾಲೆಯಿಂದ ಹೊರಗೆ ಹಾಕಿದರೆ ಅದು ಎಷ್ಟು ದಿನ ಮನೆಯಲ್ಲಿ ಉಳಿದೀತು? ಇಂಗ್ಲಿಷನ್ನೂ ಕಲಿಸಿ ಎಂದು ಕೇಳಿದ್ದರೆ ಹೆಚ್ಚಿನವರು ಒಪ್ಪುತ್ತಿದ್ದರೇನೋ. ಎಷ್ಟೋ ಶಾಲೆಗಳಲ್ಲಿ ಆಗಲೇ ಇಂಗ್ಲಿಷ್ ಪಾಠವೂ ಇತ್ತು. ಇಂಗ್ಲಿಷಿನಲ್ಲಿ ಕಲಿಸದಿದ್ದರೆ ಅದು ಶಾಲೆಯೇ ಅಲ್ಲ ಎಂದದ್ದು ಜನರನ್ನು ಅವಮಾನಿಸಿದಂತಾಯಿತು. ಹಸುವಿನ ವಿಷಯದಲ್ಲಿ ರೈತನ ಮನೆ ಬಾಗಿಲಿಗೆ ಹೋಗಿ ಹದಿನೈದು ವರ್ಷ ತಾಳ್ಮೆಯಿಂದ ಹೇಳಿದ ಮನುಷ್ಯ, ಮಕ್ಕಳ ಭಾಷೆಯ ವಿಷಯದಲ್ಲಿ ಕಾಯ್ದೆಯ ಕೋಲು ಹಿಡಿದದ್ದು ನನಗೆ ಇಂದಿಗೂ ಸೋಜಿಗ.

1890ರ ಚುನಾವಣೆಯಲ್ಲಿ ಜರ್ಮನ್ ಮತದಾರರು ಒಟ್ಟಾಗಿ ನಿಂತು ಹೋರ್ಡ್ ಅವರನ್ನು ಸೋಲಿಸಿದರು. ಗೆದ್ದವರು ಮಿಲ್ವಾಕಿ ನಗರದ ಮೇಯರ್ ಆಗಿದ್ದ ಹಾಸ್ಯ ಲೇಖಕ ಜಾರ್ಜ್ ಪೆಕ್. ಅಂತರ ಸುಮಾರು 28 ಸಾವಿರ ಮತ. 1891ರಲ್ಲಿ ಹೊಸ ಶಾಸನಸಭೆ ಆ ಕಾಯ್ದೆಯನ್ನು ತೆಗೆದುಹಾಕಿತು. ಹೋರ್ಡ್ ಫೋರ್ಟ್ ಆಟ್ಕಿನ್‌ಸನ್‌ಗೆ ಮರಳಿ ಪತ್ರಿಕೆಯ ಮೇಜಿನ ಮುಂದೆ ಕುಳಿತರು. ರಾಜ್ಯಪಾಲರೆಂಬ ಗೌರವದ ಹೆಸರು ಕೊನೆಯವರೆಗೂ ಉಳಿಯಿತು. ಅಧಿಕಾರಕ್ಕೆ ಮತ್ತೆ ಹೋಗಲಿಲ್ಲ.

ಬೆಣ್ಣೆಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಮಾರ್ಗರೀನ್ ವಿರುದ್ಧ ಅವರು ನಡೆಸಿದ ಹೋರಾಟವನ್ನೂ ಹೇಳಬೇಕು. ದನದ ಕೊಬ್ಬು ಮುಂತಾದವುಗಳಿಂದ ಮಾಡಿದ ಬಿಳಿಯ ಜಿಡ್ಡಿಗೆ ಹಳದಿ ಬಣ್ಣ ಕಟ್ಟಿ ಬೆಣ್ಣೆ ಎಂದು ಮಾರುತ್ತಿದ್ದರು. ನಮ್ಮಲ್ಲಿ ತುಪ್ಪಕ್ಕೆ ವನಸ್ಪತಿ ಬೆರೆಸಿದಂತೆ. ಹೋರ್ಡ್ ದೇಶದ ಹೈನುಗಾರರ ಒಕ್ಕೂಟದ ಮುಂದಾಳಾಗಿ ಬಣ್ಣ ಕಟ್ಟಿದ ಮಾರ್ಗರೀನ್ ಮೇಲೆ ತೆರಿಗೆ ಹಾಕಿಸಲು ವರ್ಷಗಟ್ಟಲೆ ಓಡಾಡಿದರು. 1902ರಲ್ಲಿ ಕೇಂದ್ರ ಸರ್ಕಾರ ಪೌಂಡಿಗೆ 10 ಸೆಂಟ್ ತೆರಿಗೆ ಹಾಕಿತು. ಮೋಸ ತಡೆದದ್ದು ಸರಿಯೇ. ಆದರೆ ಬೆಣ್ಣೆ ಕೊಳ್ಳಲಾಗದ ಬಡವರ ರೊಟ್ಟಿಗೆ ಸಿಗುತ್ತಿದ್ದ ಅಗ್ಗದ ಜಿಡ್ಡೂ ಅದರಿಂದ ತುಟ್ಟಿಯಾಯಿತಲ್ಲ ಎಂದು ನನಗೆ ಅನ್ನಿಸದೆ ಇಲ್ಲ. ವಿಸ್ಕಾನ್ಸಿನ್‌ನಲ್ಲಂತೂ ಹಳದಿ ಮಾರ್ಗರೀನ್ ಮಾರುವುದಕ್ಕೆ 1895ರಿಂದ 1967ರವರೆಗೆ ನಿಷೇಧವೇ ಇತ್ತು. ಜನ ಪಕ್ಕದ ರಾಜ್ಯಕ್ಕೆ ಹೋಗಿ ಕದ್ದು ತರುತ್ತಿದ್ದರಂತೆ.

ಊರಿಗೆಲ್ಲ ಹಸುವಿನ ಪಾಠ ಹೇಳಿದ ಹೋರ್ಡ್ ಫೋರ್ಟ್ ಆಟ್ಕಿನ್‌ಸನ್ ಹೊರವಲಯದಲ್ಲಿ ಹೊಲ ಕೊಂಡದ್ದು 1899ರಲ್ಲಿ, 62ರ ವಯಸ್ಸಿನಲ್ಲಿ. ನಮ್ಮಲ್ಲಿ ಆ ವಯಸ್ಸಿಗೆ ಮಕ್ಕಳಿಗೆ ಪಾಲು ಮಾಡಿಕೊಟ್ಟು ಜಗಲಿಯ ಮೇಲೆ ಕೂರುವುದು ರೂಢಿ. ಅವರು ಗರ್ನ್‌ಸಿ ತಳಿಯ ಮಂದೆ ಕಟ್ಟಿದರು. ಇಂಗ್ಲಿಷ್ ಕಡಲ್ಗಾಲುವೆಯ ಒಂದು ಪುಟ್ಟ ದ್ವೀಪದ ತಳಿ ಅದು; ಕೆಂದು ಬಣ್ಣದ ಮೇಲೆ ಬಿಳಿಯ ಮಚ್ಚೆ, ಹಳದಿ ಛಾಯೆಯ ಗಟ್ಟಿ ಹಾಲು. ಪತ್ರಿಕೆಯಲ್ಲಿ ಹೇಳಿದ್ದನ್ನೆಲ್ಲ ಆ ಹೊಲದಲ್ಲಿ ಮಾಡಿ ನೋಡಿದರು. ಲೂಸರ್ನ್ ಬೆಳೆದು ತೋರಿಸಿದ್ದೂ ಇಲ್ಲಿಯೇ. ಹಸುಗಳ ಕ್ಷಯರೋಗ ಪತ್ತೆಹಚ್ಚುವ ಪರೀಕ್ಷೆ ಬಂದಾಗ ರೈತರು ಹೆದರಿದರು, ರೋಗ ಕಂಡ ಹಸುವನ್ನು ಕಳೆದುಕೊಳ್ಳಬೇಕಲ್ಲ. ಹೋರ್ಡ್ ಅವರ ಪತ್ರಿಕೆ ಪರೀಕ್ಷೆಯ ಪರವಾಗಿಯೇ ಬರೆಯಿತು. ಆ ಹಾಲನ್ನು ಕುಡಿಯುವುದು ಮಕ್ಕಳು ತಾನೇ.

ಅವರ ಕೊಟ್ಟಿಗೆಯಲ್ಲಿ ಕೆಲಸಗಾರರಿಗೆಂದು ಒಂದು ಸೂಚನೆ ತೂಗುಹಾಕಿತ್ತು. ಅದರ ಸಾರಾಂಶವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಇಲ್ಲಿ ಚಿಕ್ಕದಿರಲಿ ದೊಡ್ಡದಿರಲಿ ಪ್ರತಿ ದನದೊಂದಿಗೂ ತಾಳ್ಮೆ, ದಯೆಗಳಿಂದ ನಡೆದುಕೊಳ್ಳಬೇಕು. ಇದು ತಾಯಂದಿರ ಮನೆಯೆಂಬುದು ನೆನಪಿರಲಿ, ತಾಯಿಯನ್ನು ಹೇಗೆ ಕಾಣಬೇಕೋ ಹಸುವನ್ನು ಹಾಗೆ ಕಾಣಬೇಕು. ಹಾಲು ಕೊಡುವುದು ತಾಯ್ತನದ ಕೆಲಸ, ಒರಟುತನ ತೋರಿಸಿದರೆ ಹಾಲು ಕುಗ್ಗುತ್ತದೆ, ಅದರಿಂದ ಹಸುವಿಗೂ ಯಜಮಾನನಿಗೂ ನಷ್ಟ. ಗೋವನ್ನು ಪೂಜಿಸುವ ಸಂಪ್ರದಾಯದಲ್ಲಿ ಬೆಳೆದವರಲ್ಲ ಅವರು. ಲೆಕ್ಕದ ಪುಸ್ತಕ ಹಿಡಿದು ಹೊರಟವರು ಆ ಮಾತಿಗೆ ಬಂದು ಮುಟ್ಟಿದರು. ಹೊಡೆದರೆ, ಗದರಿದರೆ ಹಸು ಬೆದರಿ ಹಾಲನ್ನು ಬಿಗಿಹಿಡಿಯುತ್ತದೆ ಎಂಬುದಕ್ಕೆ ಮೈಯೊಳಗಿನ ರಸಗಳ ಕಾರಣವನ್ನು ವಿಜ್ಞಾನ ವಿವರಿಸಿದ್ದು ಅವರ ನಂತರ. ನಮ್ಮೂರಿನಲ್ಲಿ ಸಂಕ್ರಾಂತಿಯ ದಿನ ಹಸುವಿನ ಕೊಂಬಿಗೆ ಬಣ್ಣ ಬಳಿದು, ಮರುದಿನ ಹಾಲು ಕರೆಯುವಾಗ ಅದರ ಬಾಲ ತಿರುಚುವವರನ್ನು ಕಂಡಾಗಲೆಲ್ಲ ನನಗೆ ಆ ಫಲಕ ನೆನಪಾಗುತ್ತಿತ್ತು. ಒಂದೆರಡು ಸಂಘಗಳ ಗೋಡೆಗೆ ಅದನ್ನು ಕನ್ನಡದಲ್ಲಿ ಬರೆಸಿಯೂ ಇದ್ದೆ.

ಆಗ್ನೆಸ್ ಅವರ ಹೆಸರು ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಗಂಡ ಯುದ್ಧಕ್ಕೆ ಹೋದಾಗ, ಹಾಪ್ಸ್‌ನಲ್ಲಿ ಎಲ್ಲ ಕಳೆದುಕೊಂಡಾಗ, ಪಂಪು ಮಾರಲು ತಿರುಗಿದಾಗ, ಸಭೆಗಳೆಂದು ವಾರಗಟ್ಟಲೆ ಹೊರಗಿದ್ದಾಗ ಮನೆಯಲ್ಲಿ ಇದ್ದವರು ಅವರು. ಮೂವರು ಗಂಡುಮಕ್ಕಳು: ಹಾಲ್ಬರ್ಟ್, ಆರ್ಥರ್, ಫ್ರಾಂಕ್. ಅಚ್ಚುಮೊಳೆಗಳ ಸದ್ದಿನಲ್ಲಿಯೇ ಬೆಳೆದ ಹಾಲ್ಬರ್ಟ್ ಮುಂದೆ ತಂದೆಯ ವಾರಪತ್ರಿಕೆ ವಹಿಸಿಕೊಂಡರು, ಫ್ರಾಂಕ್ ಹಸುವಿನ ಪತ್ರಿಕೆಯ ವ್ಯವಹಾರ ನೋಡಿಕೊಂಡರು. ತಾತನ ಹೆಸರನ್ನೇ ಇಟ್ಟುಕೊಂಡ ಮೊಮ್ಮಗ ವಿಲಿಯಂ ಅದನ್ನು ಮುಂದುವರಿಸಿದರು.

1907ರಲ್ಲಿ ಹೋರ್ಡ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಸೇರಿ ಕೆಲಕಾಲ ಅದರ ಅಧ್ಯಕ್ಷರೂ ಆಗಿದ್ದರು. ಹಳ್ಳಿಯ ಶಾಲೆಗಳಲ್ಲಿ ಬೇಸಾಯದ ಪಾಠ ಇರಬೇಕೆಂಬ ಮಾತನ್ನು ಆ ಮುದಿ ವಯಸ್ಸಿನಲ್ಲಿಯೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ನಾಡಿನ ಮುಖ ಬದಲಾಗಿತ್ತು. 1899ರ ಹೊತ್ತಿಗೇ ವಿಸ್ಕಾನ್ಸಿನ್‌ನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೊಲಮನೆಗಳಲ್ಲಿ ಹಾಲಿನ ಹಸುಗಳಿದ್ದವು. 1915ರ ವೇಳೆಗೆ ಹೈನುಗಾರಿಕೆಯಲ್ಲಿ ಆ ರಾಜ್ಯ ಇಡೀ ಅಮೆರಿಕಕ್ಕೆ ಮೊದಲನೆಯದಾಯಿತು. ಅವರನ್ನು ಚುನಾವಣೆಯಲ್ಲಿ ಸೋಲಿಸಿದ ಜರ್ಮನ್ ರೈತರ ಕೊಟ್ಟಿಗೆಗಳೂ ಅದರಲ್ಲಿ ಸೇರಿದ್ದವು.

ಹೋರ್ಡ್ 1918ರ ನವೆಂಬರ್ 22ರಂದು, 82ನೆಯ ವಯಸ್ಸಿನಲ್ಲಿ, ಮೊದಲ ಮಹಾಯುದ್ಧ ನಿಂತ ಹನ್ನೊಂದು ದಿನಗಳ ಮೇಲೆ ತೀರಿಕೊಂಡರು. 1922ರಲ್ಲಿ ಮ್ಯಾಡಿಸನ್ ನಗರದ ವಿಶ್ವವಿದ್ಯಾಲಯದಲ್ಲಿ, ಕೃಷಿ ಕಟ್ಟಡದ ಮುಂದೆ, ಅವರ ಸ್ಮಾರಕ ನಿಲ್ಲಿಸಿದರು. ಅದನ್ನು ಮಾಡಿದ ಶಿಲ್ಪಿ ಗಟ್ಸನ್ ಬೋರ್ಗ್ಲಮ್ ಮುಂದೆ ರಶ್‌ಮೋರ್ ಬೆಟ್ಟದಲ್ಲಿ ನಾಲ್ವರು ಅಧ್ಯಕ್ಷರ ಮುಖಗಳನ್ನು ಕೆತ್ತಿ ಪ್ರಸಿದ್ಧರಾದವರು. ಫೋರ್ಟ್ ಆಟ್ಕಿನ್‌ಸನ್‌ನಲ್ಲಿ ಹೋರ್ಡ್ ಕುಟುಂಬದ ಮನೆ ವಸ್ತುಸಂಗ್ರಹಾಲಯವಾಗಿದೆ. ಅವರು ಕಟ್ಟಿದ ಗರ್ನ್‌ಸಿ ಮಂದೆ ನೂರು ವರ್ಷ ದಾಟಿಯೂ ಅದೇ ಹೊಲದಲ್ಲಿ ಪೀಳಿಗೆಯ ಮೇಲೆ ಪೀಳಿಗೆ ಮುಂದುವರಿಯಿತು, ಒಂದೊಂದು ಹಸುವಿನ ಲೆಕ್ಕವೂ ಪುಸ್ತಕದಲ್ಲಿ ದಾಖಲಾಗುತ್ತ.